ಹೊಸಕೆರೆಹಳ್ಳಿ ಸೋತ ಭಾನುವಾರ

ಹಣೆಗೆ ಕುಂಕುಮ, ಮುಡಿಗೆ ಮಲ್ಲಿಗೆ, ಕಾಲಿಗೆ ಸ್ಪೋರ್ಟ್ಸ್ ಶೂ. ನಮ್ಮ ಮನೆ ಮಾಲಕಿ ಸರೋಜಾ ಆಂಟಿ ಆ ವೇಷದಲ್ಲಿ ನಿಂತು ಎದುರಿನ ಹೆಂಗಸಿನ ಮುಖಕ್ಕೇ ಗುರಿಯಿಟ್ಟು ಚೆಂಡು ಬೀಸಿದಾಗ, ಚಿಕ್ಕಲಸಂದ್ರಕ್ಕೆ ಹೊಸದಾಗಿ ಬಾಡಿಗೆಗೆ ಬಂದಿದ್ದ ನಾನು ಜಗಳ ಬಿಡಿಸಲೆಂದು ಮಹಡಿಯಿಂದ ಓಡಿಳಿದೆ. ನೋಡಿದರೆ ಎಲ್ಲರೂ ನಗುತ್ತಿದ್ದಾರೆ! ಅದು ಥ್ರೋಬಾಲ್ ಅಂತೆ. ನೆಟ್ಟಿನ ಮೇಲೆ ಹಾರಿ ಬಂದ ಚೆಂಡನ್ನು ಎರಡು ಕೈಯಲ್ಲಿ ಹಿಡಿದು, ಒಂದೇ ಕೈಯಲ್ಲಿ ಆಚೆ ತೂರಬೇಕು. ಮೊಮ್ಮಗನನ್ನು ಸ್ಕೂಲ್ ವ್ಯಾನ್ ಹತ್ತಿಸಿ ಬಂದ ಹೆಂಗಸರು ಹೀಗೆ ಆಡುವುದನ್ನು ನಮ್ಮ ಗುಳೇದಗುಡ್ಡದಲ್ಲಿ ನಾನಂತೂ ಕಂಡಿರಲಿಲ್ಲ.

ಅವರು ಆಡುವುದು ಪಕ್ಕದ ಖಾಲಿ ಸೈಟಿನಲ್ಲಿ. ನಾವು ಪ್ಲಾಟು ಅನ್ನುವುದನ್ನು ಇಲ್ಲಿ ಸೈಟು ಅನ್ನುತ್ತಾರೆ. ಇಂಥ ಸಣ್ಣಪುಟ್ಟದ್ದನ್ನು ಬೇಗ ಕಲಿತೆ. ಸಾರಿನಲ್ಲಿ ಬೆಲ್ಲ ಸಿಕ್ಕರೆ ಮುಖ ಕಿವುಚಬಾರದು ಎಂಬುದನ್ನೂ ಕಲಿತೆ. ಇಲ್ಲಿಯ ಮೆಣಸಿನಕಾಯಿಗೂ ಸೌಜನ್ಯ ಜಾಸ್ತಿ, ಏನು ಮಾಡುವುದು!

"ಅಲ್ಲೂ ಕನ್ನಡ, ಇಲ್ಲೂ ಕನ್ನಡ, ನಿನಗೇನು ತ್ರಾಸು?" ಎಂದು ಊರಿನಿಂದ ಫೋನ್ ಮಾಡಿದವರೆಲ್ಲ ಕೇಳುತ್ತೀರಿ. ತ್ರಾಸು ಇರುವುದೇ ಅಲ್ಲಿ. ಜಯನಗರದ ಹಲ್ಲಿನ ಆಸ್ಪತ್ರೆಯಲ್ಲಿ ನಾನು ರಿಸೆಪ್ಷನಿಸ್ಟ್. ಮೊದಲ ವಾರ ಒಬ್ಬರಿಗೆ "ಡಾಕ್ಟರು ಊಟಕ್ಕ ಹೋಗ್ಯಾರ್ರಿ, ಕುಂದ್ರಿ" ಅಂದೆ. ಅವರು ಹೆಂಡತಿಯನ್ನೂ ಹತ್ತಿರ ಕರೆದು, ನನಗೆ "ಮೇಡಂ, ಇನ್ನೊಂದ್ಸಲ ಹೇಳಿ, ಸಖತ್ತಾಗಿದೆ" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ನಿಜ. ಆದರೂ ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅಂದಿನಿಂದ ಪ್ರತಿ ಮಾತನ್ನೂ ಮನಸ್ಸಿನಲ್ಲಿ ಒಮ್ಮೆ ತಿದ್ದಿ, ದನಿ ತಗ್ಗಿಸಿ ಆಡತೊಡಗಿದೆ. ಸಂಜೆಯ ಹೊತ್ತಿಗೆ ನಾಲಿಗೆ, ಬಿಗಿ ಚಪ್ಪಲಿ ಹಾಕಿ ನಡೆದ ಕಾಲಿನಂತೆ ನೋಯುತ್ತಿತ್ತು. ಊರಲ್ಲಿ ವಾಚಾಳಿ ಅನ್ನಿಸಿಕೊಂಡವಳು ಇಲ್ಲಿ ಮೂಗಿಯಾದೆ.

ನನ್ನ ಒಂಟಿತನ ಆಂಟಿಯ ಕಣ್ಣಿಗೆ ಬಿದ್ದಿರಬೇಕು. "ರೂಮಲ್ಲಿ ಒಬ್ಳೇ ಕೂತ್ಕೊಂಡು ಏನ್ ಮಾಡ್ತೀಯ? ಬಾ, ಬಾಲ್ ಎತ್ಕೊಡು" ಎಂದು ಕರೆದರು. ಚೆಂಡು ಎತ್ತಿಕೊಡುತ್ತ ಕೊಡುತ್ತ ನನಗೂ ಹುಚ್ಚು ಹಿಡಿಯಿತು. ಈ ಭಾಗದ ಬಡಾವಣೆಗಳ ಟೂರ್ನಮೆಂಟಿನಲ್ಲಿ ನಮಗೆ ಎದುರಾಗಿ ಹೊಸಕೆರೆಹಳ್ಳಿಯವರ ತಂಡವೂ ಇತ್ತು. ಪ್ರತಿ ಸಲವೂ ಅವರೇ ನಮ್ಮನ್ನು ಮನೆಗೆ ಕಳಿಸುವುದು. ಅವರ ಹೆಸರೆತ್ತಿದರೆ ಸಾಕು, ಆಂಟಿಯ ಒಗ್ಗರಣೆ ಸೀದು ಹೋಗುತ್ತಿತ್ತು. "ಬೇರೆ ಯಾರ್ ಮೇಲೆ ಸೋತ್ರೂ ಪರ್ವಾಗಿಲ್ಲ ಗಂಗಾ, ಇವ್ರನ್ನ ಒಂದ್ಸಲ ಸೋಲಿಸ್ಬೇಕು" ಅನ್ನುತ್ತಿದ್ದರು. ಹೊಸಕೆರೆಹಳ್ಳಿ ಯಾವ ದಿಕ್ಕಿಗಿದೆ ಎಂದೇ ತಿಳಿಯದ ನಾನೂ ಅವರ ಮೇಲೆ ಹಲ್ಲು ಮಸೆಯತೊಡಗಿದೆ.

ಆ ಭಾನುವಾರ ಅವರ ಜೊತೆಗಿನ ಪಂದ್ಯ ಕೊನೆಯ ಸೆಟ್ಟಿನ ಕೊನೆಗೆ ಬಂತು. ನಮಗೂ ಒಂದೇ ಪಾಯಿಂಟ್ ಬೇಕು, ಅವರಿಗೂ ಒಂದೇ. ಸರ್ವೀಸು ಅವರದು. ಬೆಳಗಿನಿಂದ ನಮ್ಮನ್ನು ಕಾಡಿದ್ದ ಅವರ ಎತ್ತರದ ಹೆಂಗಸು ಚೆಂಡು ಹಿಡಿದು ಗೆರೆಯ ಹಿಂದೆ ನಿಂತಳು. ರೆಫರಿ ಸೀಟಿ ಊದಿದ ಮೇಲೆ ಐದು ಸೆಕೆಂಡಿನೊಳಗೆ ಚೆಂಡು ಕೈ ಬಿಡಬೇಕು, ಇಲ್ಲವಾದರೆ ಪಾಯಿಂಟ್ ಎದುರಾಳಿಗೆ. ಸೀಟಿ ಕೇಳಿತು. ಈ ಕಡೆ ಆಂಟಿ ಹಿಂದಿನ ಗೆರೆಯವರೆಗೂ ಹೋಗಿಬಿಟ್ಟಿದ್ದರು. ನಮ್ಮವರ ಚಪ್ಪಾಳೆ, "ಕಮಾನ್ ಕಮಾನ್" ಯಾವುದೂ ನನಗೆ ಸಾಲಲಿಲ್ಲ. ಊರಲ್ಲಿ ನಾವು ಖೊಖೊ ಆಡುವಾಗ ಕಟ್ಟೆಯ ಮೇಲಿನ ಹೆಂಗಸರು ಒದರುತ್ತಿದ್ದ ಮಾತು ಆಂಟಿಗೆಂದು ನನ್ನ ಗಂಟಲು ಹರಿದುಕೊಂಡು ಬಂತು:

"ಎದಿ ಕೊಟ್ಟ ನಿಂದ್ರ ನಮ್ಮವ್ವಾ!"

ಸರ್ವೀಸಿಗೆ ಎತ್ತಿದ್ದ ಆ ಎತ್ತರದ ಹೆಂಗಸಿನ ಕೈ ಹಾಗೇ ನಿಂತಿತು. ಆಕೆ ಚೆಂಡು ಹಿಡಿದೇ ತಿರುಗಿ ಜನರ ನಡುವೆ ಯಾರನ್ನೋ ಹುಡುಕತೊಡಗಿದಳು. "ಹಾಕೇ! ಬೇಗ ಹಾಕೇ!" ಎಂದು ಅವಳ ಕಡೆಯವರು ಕಿರುಚಿದರು. ಅಷ್ಟರಲ್ಲಿ ಸೀಟಿ ಮತ್ತೆ ಕೇಳಿತು. ಐದು ಸೆಕೆಂಡು ಮುಗಿದಿತ್ತು. ನಾವು ಗೆದ್ದಿದ್ದೆವು!

ಅಬ್ಬಾ, ಆ ಸಂತೋಷ! ಆಂಟಿ ನನ್ನನ್ನು ಎತ್ತಿಯೇ ಬಿಟ್ಟರು. "ಏನ್ ಗಂಟ್ಲಮ್ಮ ನಿಂದು! ಇಷ್ಟ್ ದಿನ ಎಲ್ಲಿಟ್ಟಿದ್ದೆ?" ಅಂದರು. ನಾನು ಮಣ್ಣಿನಲ್ಲಿ ಬರಿಗಾಲಲ್ಲಿ ಕುಣಿದೆ. ಬೆಂಗಳೂರಿಗೆ ಬಂದ ಮೇಲೆ ಅಷ್ಟು ನಕ್ಕಿದ್ದೂ ಅದೇ ಮೊದಲು.

ಆಗ ಆ ಎತ್ತರದ ಹೆಂಗಸು ನೆಟ್ಟಿನ ಕೆಳಗೆ ಬಗ್ಗಿ ನೇರವಾಗಿ ನನ್ನ ಹತ್ತಿರ ಬಂದಳು. ಬೈಯಲಿಕ್ಕೇ ಬಂದಳೆಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಒದರಿದಾಕಿ ನೀನ ಏನ? ಯಾವೂರ ತಂಗಿ ನಿಂದು?"

"ಗುಳೇದಗುಡ್ಡ ರೀ ಅಕ್ಕಾರ."

"ನಂದು ಕಮತಗಿ" ಎಂದು ನನ್ನ ಕೈ ಹಿಡಿದುಕೊಂಡಳು. ಗುಳೇದಗುಡ್ಡಕ್ಕೂ ಕಮತಗಿಗೂ ಬಸ್ಸಿನಲ್ಲಿ ಅರ್ಧ ತಾಸಿನ ದಾರಿಯೆಂದು ಊರಿನವರಾದ ನಿಮಗೆ ನಾನು ಹೇಳಬೇಕಿಲ್ಲ.

"ನಿಮ್ಮನ್ನ ಕೆಡಸಬೇಕಂತ ಒದರಲಿಲ್ಲರಿ ಅಕ್ಕಾರ, ಖರೇನ" ಅಂದೆ.

"ಆಟ ಹ್ವಾದ್ರ ಹೋಗವಲ್ದ್ಯಾಕ, ಬಿಡು. ಮದುವಿ ಆಗಿ ಇಲ್ಲಿಗೆ ಬಂದಾಗಿಂದ ಯಾರೂ ಹಿಂಗ ಅಂದಿದ್ದ ಕೇಳೇ ಇರಲಿಲ್ಲ." ಅವಳ ಕಣ್ಣು ತುಂಬಿತ್ತು. "ನನಗ ಅಂತ ಯಾರೋ ಒದರಾಕತ್ತಾರ ಅನ್ಕೊಂಡ್ನೆವ್ವಾ."

ಹಿಂದಿನಿಂದ ಆಂಟಿ, "ಗಂಗಾ, ಬಾಮ್ಮಾ ಬೇಗ! ನೀನಿಲ್ದೆ ಫೋಟೋ ಹೆಂಗೆ?" ಎಂದು ಕೂಗುತ್ತಿದ್ದರು.

"ಬಂದೆ ಆಂಟಿ" ಅಂದೆ. ಹಿಡಿದ ಕೈ ಬಿಟ್ಟು ಗೆದ್ದವರ ಕಡೆಗೆ ಹೋಗಲು ಕಾಲೇ ಬರಲಿಲ್ಲ.