ಇಲ್ಲದ ಗರ್ಭಕೋಶದ ಕಾಯಿಲೆ

೨೦೧೧ರಲ್ಲಿ ನಾನು ಯಲಹಂಕದ ಕಾಲೇಜಿನಲ್ಲಿ ಓದುತ್ತಾ ಕೋಗಿಲಿನ ಚಿಕ್ಕಮ್ಮನ ಮನೆಯಲ್ಲಿದ್ದೆ. ಆ ವರ್ಷ ಚಿಕ್ಕಮ್ಮ ಇದ್ದಕ್ಕಿದ್ದಂತೆ ಎಚ್ಚರ ತಪ್ಪಿ ಬೀಳತೊಡಗಿದಳು. ಮೊದಲ ಸಲ ಬಿದ್ದದ್ದು ಒಲೆಯ ಮುಂದೆ, ಮುದ್ದೆ ತಿರುವುತ್ತಿದ್ದಾಗ. ಮುಂಗೈ ಸುಟ್ಟುಹೋಯಿತು.

ಚಿಕ್ಕಪ್ಪ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಡಾಕ್ಟರು ಎರಡು ನಿಮಿಷ ನೋಡಿ, "ಏನಿಲ್ಲ ಕಣ್ರೀ, ಹಿಸ್ಟೀರಿಯಾ. ಹೆಂಗಸ್ರಿಗೆ ಬರುತ್ತೆ. ಗಮನ ಕೊಡ್ಬೇಡಿ, ತಾನಾಗೇ ನಿಲ್ಲುತ್ತೆ" ಅಂದರು.

ನಾವು ಹಾಗೇ ಮಾಡಿದೆವು. ಅವಳು ಬಿದ್ದರೆ ಯಾರೂ ಓಡಿ ಬರುತ್ತಿರಲಿಲ್ಲ. ಒಮ್ಮೆ ನೆಂಟರ ಗೃಹಪ್ರವೇಶದಲ್ಲಿ ಎಲ್ಲರೆದುರು ಬಿದ್ದಾಗ ನನಗೆ ನಾಚಿಕೆಯಾಗಿ, "ಸಾಕು ಏಳು ಚಿಕ್ಕಮ್ಮ, ಏನ್ ನಾಟಕ" ಅಂದುಬಿಟ್ಟೆ.

ಆ ಮಾತು ಒಳಗೇ ಕೊರೆಯತೊಡಗಿತು. ಕಾಲೇಜಿನ ಲೈಬ್ರರಿಯಲ್ಲಿ ವಿಶ್ವಕೋಶ ತೆಗೆದು ಡಾಕ್ಟರು ಹೇಳಿದ್ದ ‘ಹಿಸ್ಟೀರಿಯಾ’ ಪದ ಹುಡುಕಿದೆ. ಗ್ರೀಕರಲ್ಲಿ ‘ಹಿಸ್ಟೆರಾ’ ಅಂದರೆ ಗರ್ಭಕೋಶ. ಅದು ಜಾಗ ಬಿಟ್ಟು ಮೈಯೊಳಗೆ ಅಲೆಯುತ್ತದೆ, ಅದಕ್ಕೇ ಹೆಂಗಸರಿಗೆ ಉಸಿರು ಕಟ್ಟುತ್ತದೆ, ಎಚ್ಚರ ತಪ್ಪುತ್ತದೆ ಎಂದು ಹಿಂದಿನವರು ನಂಬಿದ್ದರಂತೆ. ವೈದ್ಯರು ಈಗ ಆ ಹೆಸರನ್ನೇ ಕೈಬಿಟ್ಟಿದ್ದಾರೆ ಎಂದೂ ಬರೆದಿತ್ತು.

ಸಂಜೆ ಚಿಕ್ಕಮ್ಮ ಬಟ್ಟೆ ಮಡಿಸುತ್ತಿದ್ದಾಗ ಇದನ್ನೆಲ್ಲ ಹೇಳಿದೆ. ಅವಳ ಕೈ ನಿಂತಿತು.

"ಗರ್ಬಕೋಸ ತಗ್ಸಿ ಮೂರ್ ವರ್ಸ ಆಯ್ತಲ್ಲೇ. ಇಲ್ದಿರೋದು ಎಂಗೆ ಓಡಾಡ್ತದೆ?"

ಆಮೇಲೆ ಅವಳು ತಲೆ ತಗ್ಗಿಸಿ, ಅಲ್ಲಿಯವರೆಗೆ ಯಾರಿಗೂ ಹೇಳದ್ದನ್ನು ಹೇಳಿದಳು. ಬಿದ್ದಾಗಲೆಲ್ಲ ನಾಲಿಗೆ ಕಚ್ಚಿ ರಕ್ತ ಬಂದಿರುತ್ತಿತ್ತು, ಸೀರೆ ಒದ್ದೆಯಾಗಿರುತ್ತಿತ್ತು. "ಬೇಕಂತ ಯಾರಾದ್ರೂ ಇಂಗ್ ಮಾಡ್ಕೊಂತಾರಾ, ನೀನೇ ಹೇಳು."

ಮರುದಿನ ಕಾಲೇಜು ತಪ್ಪಿಸಿ, ಅವಳನ್ನು ಬಸ್ಸಿನಲ್ಲಿ ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ನರರೋಗ ನೋಡುವ ಡಾಕ್ಟರಮ್ಮ ಮೊದಲು ಕೇಳಿದ್ದೇ ನಾಲಿಗೆಯ ವಿಚಾರ. ತಲೆಗೆ ವೈರು ಅಂಟಿಸಿ ಪರೀಕ್ಷೆಯನ್ನೂ ಮಾಡಿಸಿದರು.

"ಇದು ಫಿಟ್ಸ್ ಅಮ್ಮಾ, ಮಿದುಳಿನ ತೊಂದರೆ. ಮಾತ್ರೆ ತಗೊಂಡ್ರೆ ಹತೋಟಿಗೆ ಬರುತ್ತೆ. ನಿಮ್ಮ ತಪ್ಪೇನೂ ಇಲ್ಲ."

ಚಿಕ್ಕಮ್ಮ ಅಲ್ಲೇ ಕುರ್ಚಿಯಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಡಾಕ್ಟರಮ್ಮ ಅವಸರ ಮಾಡಲಿಲ್ಲ.

ಮಾತ್ರೆ ಶುರುವಾದ ಮೇಲೆ ಅವಳು ಬಿದ್ದದ್ದು ಎರಡೇ ಸಲ. ಚಿಕ್ಕಪ್ಪ ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲಿಲ್ಲ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಮಾತ್ರೆಯನ್ನೂ ಒಂದು ಲೋಟ ನೀರನ್ನೂ ತಂದು ಅವಳ ಮುಂದಿಟ್ಟು, ನುಂಗುವವರೆಗೆ ಬಾಗಿಲಲ್ಲೇ ನಿಂತಿರುತ್ತಿದ್ದರು.