ಉಪ್ಪಿನಬೆಟಗೇರಿಗೆ ಹೊರಟ ಡಬ್ಬಿ

ಗೋಪನಕೊಪ್ಪದ ಮನೆ ಬಿಟ್ಟಾಗ ಎಂಟಾಗಿತ್ತು. ಒಂಬತ್ತೂ ಆಗಿರಬಹುದು, ಬಿಸಿಲು ಆಗಲೇ ಚುರುಕಾಗಿತ್ತು. ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದ ಜಿಂಬಾಬ್ವೆಯ ವಿದ್ಯಾರ್ಥಿ ತೆಂಡೈ ಮರುದಿನ ತನ್ನ ದೇಶಕ್ಕೆ ಹೊರಡುವವನಿದ್ದ. ಅಷ್ಟರೊಳಗೆ ಉಪ್ಪಿನಬೆಟಗೇರಿಯ ನೀಲವ್ವನಿಗೆ ಆಕೆಯ ಸ್ಟೀಲ್ ಡಬ್ಬಿ ಮುಟ್ಟಿಸಬೇಕಿತ್ತು. ಓದಿಗಾಗಿ ಆಕೆಯ ಜೋಳದ ಹೊಲ ನೋಡಲು ಹೋದವನಿಗೆ ಆಕೆ ರೊಟ್ಟಿ, ಬದನೆಕಾಯಿ ಪಲ್ಯ ತುಂಬಿ ಕೊಟ್ಟ ಡಬ್ಬಿ ಅದು. ಮುಚ್ಚಳದ ಮೇಲೆ ಆಕೆಯ ತಾಯಿಯ ಹೆಸರು ಕೊರೆದಿತ್ತು. ತಿಂಗಳುಗಟ್ಟಲೆ ಅದು ಇವನ ಕಿಟಕಿಯಲ್ಲೇ ಕೂತಿತ್ತು. ನೀಲವ್ವ ಫೋನಿನಲ್ಲಿ ಕೇಳಿದಾಗಲೆಲ್ಲ 'ತರ್ತೀನ್ರಿ' ಎಂದ. ಈಗ ಆಕೆ ಅವನ ಫೋನನ್ನೇ ಎತ್ತುತ್ತಿರಲಿಲ್ಲ.

ಅಮರಗೋಳದ ಹತ್ತಿರ ಒಣಮೆಣಸಿನಕಾಯಿಯ ಘಾಟಿಗೆ ಇಡೀ ಬಸ್ಸು ಕೆಮ್ಮಿತು. ಅಥವಾ ನಾನೊಬ್ಬಳೇ ಕೆಮ್ಮಿದೆನೇನೋ.

"ತೊಳದು ಕೊಟ್ಟಿದ್ರ ಅವತ್ತ ಮುಗೀತಿತ್ತಲ್ಲೋ," ಎಂದೆ.

"ಮುಗೀಬಾರದ್ರಿ ಅಕ್ಕಾರ," ಎಂದು ಅವನು ಡಬ್ಬಿಯನ್ನು ಎದೆಗೆ ಒತ್ತಿಕೊಂಡ.

ಅವರ ಶೋನಾ ಭಾಷೆಯಲ್ಲಿ ಹಿರಿಯರ ಮಾತೊಂದು ಇದೆಯಂತೆ: ಪುಟ್ಟ ತಟ್ಟೆ ಹೋಗುವುದು ಇನ್ನೊಂದು ತಟ್ಟೆ ಬರುವಲ್ಲಿಗೇ. ನೆರೆಮನೆಯ ತಟ್ಟೆ ಮನೆಯಲ್ಲೇ ಉಳಿದರೆ ಅವನ ಅಜ್ಜಿ ಯಾರನ್ನೂ ಬೈಯುತ್ತಿರಲಿಲ್ಲ. ತಟ್ಟೆಯನ್ನು ನೋಡುತ್ತ ಆ ಮಾತನ್ನಷ್ಟೇ ಆಡುತ್ತಿದ್ದಳು. ಆಗ ಎಲ್ಲರಿಗೂ ಗೊತ್ತಾಗುತ್ತಿತ್ತು: ಉಣಿಸಿದವರ ಮನೆಗೆ ನಮ್ಮ ಊಟವೂ ಹೋಗಬೇಕು. ತೆಂಡೈ ತನ್ನೂರಿನ ಹಿಟ್ಟಿಗಾಗಿ ಕಾದಿದ್ದ. ಆ ಪಾರ್ಸಲ್ ಬರಲೇ ಇಲ್ಲ. ಕೊನೆಗೆ ಅಂದು ಬೆಳಿಗ್ಗೆ ನನ್ನ ಒಲೆಯ ಮೇಲೆ ಇಲ್ಲಿಯದೇ ಗೋವಿನಜೋಳದ ಹಿಟ್ಟು ತಿರುವಿ, ಶೇಂಗಾ ಅರೆದು ಹಾಕಿ ಸೊಪ್ಪು ಬೇಯಿಸಿದ್ದ.

ಧಾರವಾಡದಲ್ಲಿ ಬಸ್ಸು ಬದಲಿಸಿದೆವು. ಕಂಡಕ್ಟರ್ ನನಗೆ ಹೆಂಗಸರಿಗಿರುವ ಸೊನ್ನೆ ಟಿಕೆಟ್ ಹರಿದ, ತೆಂಡೈಗೆ ಪೂರ್ತಿ.

"ಡಬ್ಬಿಗೆ ಬ್ಯಾಡೇನ್ರಿ?" ಎಂದು ನಾನು ಕೇಳಿದೆ.

"ಅದರಾಗ ಊಟ ಇದ್ರ ಅರ್ಧಾ ನಮಗ ಕೊಡು, ಸಾಕು."

ತೆಂಡೈ ನಗಲಿಲ್ಲ. ಮುಕ್ಕಾಲು ಗಂಟೆ ಮುಚ್ಚಳವನ್ನು ಒತ್ತಿ ಹಿಡಿದೇ ಕೂತಿದ್ದ.

ನೀಲವ್ವ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

"ಯವ್ವಾ, ಡಬ್ಬಿ ತಂದೀನಿ."

"ಯಾರ ಡಬ್ಬಿ? ನಮ್ಮದು ಕಳಕೊಂಡು ಭಾಳ ದಿನಾ ಆತು."

ಅವನು ಮುಚ್ಚಳ ತೆಗೆದು ಆಕೆಯ ಮುಂದಿಟ್ಟ, ಯಾಕೆ ತಡವಾಯಿತೆಂದು ತಡವರಿಸುತ್ತ ಹೇಳಿದ. ಆಕೆ ಮೊರ ಬದಿಗಿಟ್ಟು ಒಳಗಿನದನ್ನು ನೋಡಿದಳು.

"ನಾವೂ ಬರೀ ಡಬ್ಬಿ ಕೊಡೂದಿಲ್ಲೋ ಹುಚ್ಚಪ್ಪಾ. ಒಂದ್ ಚಿಮಟಿ ಸಕ್ರಿ ಹಾಕ್ತೀವಿ. ಅಷ್ಟಕ್ಕ ನಮ್ಮವ್ವನ ಹೆಸರು ಕಿಟಕ್ಯಾಗ ಒಣಗಿಸಿದಿ?"

"ಸಕ್ರಿ ಸಾಕಂತ ಗೊತ್ತಿರಲಿಲ್ರಿ."

ಆಕೆ ಒಂದು ತುತ್ತು ಬಾಯಿಗಿಟ್ಟಳು. "ಉಪ್ಪು ಕಡಿಮಿ ಆಗೇತಿ," ಎಂದು ಇನ್ನೊಂದು ತುತ್ತು ತೆಗೆದಳು.

ಆಮೇಲೆ ಆಕೆ ನಕ್ಕಳೆಂದು ಬರೆದರೆ ಚೆನ್ನಾಗಿರುತ್ತದೆ, ನಾನು ನೋಡಲಿಲ್ಲ. ಡಬ್ಬಿಯೊಂದಿಗೆ ಒಳಗೆ ಹೋದಳು. ಪಾತ್ರೆ ತೊಳೆವ ಸದ್ದಾಯಿತು, ಆಮೇಲೆ ರೊಟ್ಟಿ ತಟ್ಟುವ ಸದ್ದು. ಹೊರಬಂದು ಬಿಸಿ ರೊಟ್ಟಿ ತುಂಬಿದ ಅದೇ ಡಬ್ಬಿಯನ್ನು ಅವನ ಕೈಗಿಟ್ಟಳು.

"ನಾ ನಾಳೆ ಹೊಂಟೀನ್ರಿ ಯವ್ವಾ. ಇದು ನಿಮ್ಮ ಅವ್ವನದು."

"ಅದಕ್ಕ ಕೊಡಾಕತ್ತೇನಿ. ಬರೀ ಡಬ್ಬಿ ತರಬ್ಯಾಡ."

ಬಸ್ಸು ತಿರುಗಿದಾಗ ಹಿಂದೆ ನೋಡಿದೆ. ಧೂಳಿನಲ್ಲಿ ಕಟ್ಟೆ ಕಾಣಲಿಲ್ಲ. ತೆಂಡೈ ನೋಡಲೂ ಇಲ್ಲ. ತೊಡೆ ಸುಡುತ್ತಿದ್ದರೂ ಡಬ್ಬಿಯನ್ನು ಅಲ್ಲಿಂದ ಎತ್ತಲಿಲ್ಲ.