ತಲೆಹೊಟ್ಟಿಗೆ ಮನೆ ಎಣ್ಣೆ

ಕೊಬ್ಬರಿ ಎಣ್ಣೆ ಕಾಯುವ ವಾಸನೆ ಬಂದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಮಾದಿಹಳ್ಳಿಯಲ್ಲಿ ನಮಗೆ ತೆಂಗಿನ ತೋಟವಿತ್ತು. ಹಾಗಾಗಿ ನಮ್ಮ ದೊಡ್ಡಮ್ಮನಿಗೆ ಯಾವ ಕಾಯಿಲೆಗೂ ಎಣ್ಣೆಯೇ ಮದ್ದು. ನನಗೆ ತಲೆಹೊಟ್ಟು ಶುರುವಾದಾಗ, ತಲೆ ಒಣಗಿದೆ ಎಂದು ಅವರೇ ತೀರ್ಮಾನಿಸಿ ದಿನಾ ಹಣೆಗಿಳಿಯುವಷ್ಟು ಸುರಿದರು. ಹೊಟ್ಟು ಹೆಚ್ಚಿದಂತೆ ಎಣ್ಣೆಯನ್ನೂ ಹೆಚ್ಚಿಸಿದರು. ಕೆರೆತ ತಾಳಲಾರದೆ ಅತ್ತರೆ, ಬಾಚಣಿಗೆಯಲ್ಲಿ ಕೆರೆದು ಉದುರಿಸಿ ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು.

"ನೋಡ್ರೀ, ಗಲೀಜು ಮುಂಡೇದು. ತಲೆಗೆ ನೀರಾಕ್ಕೊಳಕ್ಕೂ ಸೋಮಾರಿತನ ಇದಕ್ಕೆ."

ಶಾಲೆಯಲ್ಲಿ ಯಾರೂ ನನ್ನ ಪಕ್ಕ ಕೂರುತ್ತಿರಲಿಲ್ಲ. ತಪ್ಪು ನನ್ನದೇ ಎಂದುಕೊಂಡು ಬೆಳೆದೆ. ಆ ಎಣ್ಣೆಯಿಂದಲೇ ಹೊಟ್ಟು ಹೆಚ್ಚುತ್ತಿತ್ತು ಎಂದು ಅರಸೀಕೆರೆಯ ಚರ್ಮದ ಡಾಕ್ಟರು ಹೇಳುವ ಹೊತ್ತಿಗೆ ನನಗೆ ಮದುವೆಯಾಗಿ ಮಗಳು ಹುಟ್ಟಿದ್ದಳು.

ಇವತ್ತು ದೊಡ್ಡಮ್ಮ ನಮ್ಮ ಮನೆಗೆ ಬಂದಿದ್ದಾರೆ. ಮಗಳ ತಲೆಯಲ್ಲಿ ಹೊಟ್ಟು ಕಂಡದ್ದೇ ತಡ, ತಾವು ತಂದ ಎಣ್ಣೆ ಕಾಯಿಸಿಕೊಂಡು ಕೂತರು.

"ಬಾ ಕಣೇ ಇಲ್ಲಿ. ನಿಮ್ಮವ್ವನಂಗೇ ಗಲೀಜು ನೀನೂವೆ."

ಅವರ ಕೈಯಿಂದ ಬಟ್ಟಲು ಕಿತ್ತುಕೊಂಡು ಹೋಗಿ ಬಚ್ಚಲಿಗೆ ಸುರಿದೆ.

"ಅಯ್ಯಯ್ಯೋ, ಮನೆ ಎಣ್ಣೆ ಕಣೇ!" ಎಂದು ದೊಡ್ಡಮ್ಮ ಎದೆ ಮೇಲೆ ಕೈಯಿಟ್ಟುಕೊಂಡರು.

ಅಂದು ನಾನು ಅತ್ತಾಗ ಅವರಿಗೆ ಇಷ್ಟು ಸಂಕಟವಾಗಿರಲಿಲ್ಲ.